ಹೊತ್ತಿಗೊಂದು ಜೋಡು

ನಾಲ್ಕನೆಯ ಜೋಡನ್ನು ರಂಗಯ್ಯ ಹೆಂಡತಿಯ ಕಣ್ಣು ತಪ್ಪಿಸಿ ಒಳಗೆ ಸಾಗಿಸಲು ನೋಡಿದ. ಆದರೆ ಅದು ಮರದ ಹಾವುಗೆ. ಕಂಕುಳಲ್ಲಿ ಒಂದಕ್ಕೊಂದು ತಾಗಿ ಟಕ್ಕೆಂದಿತು.

"ಮತ್ತೆ ತಂದ್ಯಾ?" ಓಬಳಮ್ಮ ಒಲೆಯ ಮುಂದಿನಿಂದಲೇ ಕೇಳಿದಳು. "ಇರೋವು ಎರಡು ಕಾಲು. ಇದು ಯಾವ ಕಾಲಿಗೆ?"

"ಹೊತ್ತಿಗೊಂದು ಬೇಕು ಕಣೇ. ಮುಳ್ಳಿನ ದಾರಿಗೆ ದಪ್ಪ ಅಟ್ಟೆ ಕೆರ. ಪೇಟೆಗೆ ಚಡಾವು. ಕಚೇರಿಗೆ ಬೂಟು. ಸ್ನಾನ, ಪೂಜೆಗೆ ಹಾವುಗೆ. ಮರ್ಯಾದಸ್ಥ ಗಂಡಸು ಅಂದ್ಮೇಲೆ ಇಷ್ಟಾದ್ರೂ ಇರ್ಬೇಕು."

"ಕಚೇರೀಲಿ ನಿನಗೇನು ಕೆಲಸ?"

ರಂಗಯ್ಯ ಹಾವುಗೆಯನ್ನು ಉಳಿದ ಜೋಡುಗಳ ಪಕ್ಕಕ್ಕೆ ಇಟ್ಟ. ಅವನು ಮೊಳಕಾಲ್ಮೂರಿನ ರೇಷ್ಮೆ ನೇಕಾರ. ಬೆಳಗಾದರೆ ಗುಂಡಿಮಗ್ಗಕ್ಕೆ ಇಳಿದು ಬರಿಗಾಲಲ್ಲಿ ಹಲಗೆ ತುಳಿಯುತ್ತಾ ಕೂತರೆ ಏಳುವುದು ದೀಪ ಹಚ್ಚುವ ಹೊತ್ತಿಗೆ. ನಲವತ್ತೈದು ವರ್ಷದ ಬಾಳಿನಲ್ಲಿ ಅವನು ಕೆರ ಮೆಟ್ಟಿದ್ದನ್ನು ಆ ಬೀದಿಯವರು ಯಾರೂ ಕಂಡಿರಲಿಲ್ಲ. ಈಗ ಕೊಂಡು ತಂದ ಮೇಲೂ ಕಂಡಿರಲಿಲ್ಲ.

ಈ ಷೋಕಿಗೆಲ್ಲ ಮೂಲ ಮಗಳ ಮದುವೆ. ಪಾಲಮ್ಮನಿಗೆ ಗೊತ್ತಾಗಿದ್ದ ಒಂದು ಸಂಬಂಧ ಪ್ಲೇಗಿನ ವರ್ಷ ಮುರಿದುಹೋಗಿತ್ತು. ಆಮೇಲೆ ಹೆಣ್ಣು ಕೇಳಿಕೊಂಡು ಯಾರೂ ಬಂದಿರಲಿಲ್ಲ. ಈಗ ಚಳ್ಳಕೆರೆಯ ಗುರುಸ್ವಾಮಿಯವರ ಮನೆಯಿಂದ ಮಾತು ಬಂದಿತ್ತು. ಇದೂ ಕೈತಪ್ಪಿದರೆ ಇನ್ನೊಂದು ಬರುವುದಿಲ್ಲವೆಂದು ಮನೆಯ ಮೂವರಿಗೂ ಗೊತ್ತಿತ್ತು. ಪಾಲಮ್ಮನಂತೂ ಹುಡುಗನನ್ನು ಬಾಗಿಲ ಸಂದಿನಿಂದ ಒಮ್ಮೆ ನೋಡಿ ಮನಸ್ಸು ಕೊಟ್ಟುಬಿಟ್ಟಿದ್ದಳು.

ರಂಗಯ್ಯನ ಮಗ್ಗ ಇದ್ದುದು ತಲೆಬಾಗಿಲ ಪಕ್ಕದಲ್ಲೇ. ಗುಂಡಿಯಲ್ಲಿ ಕೂತವನಿಗೆ ಬಂದವರ ಮುಖಕ್ಕಿಂತ ಮೊದಲು ಕಾಣುವುದು ಪಾದ. ಹಾಗಾಗಿ ಕಾಲಲ್ಲಿರುವುದನ್ನು ನೋಡಿಯೇ ಮನುಷ್ಯನನ್ನು ಅಳೆಯುವುದು ಅವನ ಅಭ್ಯಾಸ. ಆ ಅಳತೆ ಇದುವರೆಗೆ ತಪ್ಪಿಲ್ಲವೆಂಬ ಜಂಬವೂ ಇತ್ತು.

ಮೊದಲು ಬಂದವರು ಗುರುಸ್ವಾಮಿ. ಕಾಲಲ್ಲಿ ಕೆಂಪು ತೊಗಲಿನ, ಮೂತಿ ಬಾಗಿದ, ಹಿತ್ತಾಳೆ ಮೊಳೆ ಹೊಡೆದ ಜೋಡು. ರಂಗಯ್ಯನ ಕೈಯ ಲಾಳಿ ಅಲ್ಲೇ ನಿಂತಿತು.

ಹದಿನೈದು ದಿನ ಬಿಟ್ಟು ಅವರ ತಮ್ಮ ಕಾಮಣ್ಣ ಬಂದರು. ಅವರ ಕಾಲಲ್ಲೂ ಅಂಥದೇ ಕೆಂಪು ಜೋಡು. ಬಾಗಿಲಲ್ಲಿ ಕಳಚುವಾಗ ಹಲ್ಲು ಕಚ್ಚಿ, ಬೆರಳುಗಳನ್ನು ಒಂದೊಂದಾಗಿ ನೀವಿಕೊಂಡರು. ದೊಡ್ಡ ಮನೆಯವರ ಪಾದ ಮೆದು ಎಂದುಕೊಂಡ ರಂಗಯ್ಯ.

ಮತ್ತೆ ಹದಿನೈದು ದಿನಕ್ಕೆ ಹುಡುಗ ವೆಂಕಟಪ್ಪನೇ ಬಂದ. ಅವನದೂ ಅದೇ ಅಚ್ಚು. ಹೆಜ್ಜೆ ಹೆಜ್ಜೆಗೂ ಹಿಮ್ಮಡಿಯ ಹಿಂದೆ ಅಟ್ಟೆ ಪಟಪಟ ಬಡಿಯುತ್ತಿತ್ತು. ವಯಸ್ಸಿನ ಹುಡುಗ, ನಡಿಗೆಯಲ್ಲಿ ಠೀವಿ ಇರುತ್ತದೆ ಎಂದುಕೊಂಡ.

"ಮನೆಮಂದಿಗೆಲ್ಲ ಒಂದೇ ಅಚ್ಚಿನ ಜೋಡು ಹೊಲಿಸವ್ರೆ," ಎಂದು ಅಂದು ಊಟಕ್ಕೆ ಕೂತಾಗ ಹೆಂಡತಿಗೂ ಮಗಳಿಗೂ ಬಣ್ಣಿಸಿದ. "ಎಂಥ ಮನೆತನ ಇರ್ಬೇಕು ನೋಡು."

ಕಷ್ಟವೆಂದರೆ ಮೂವರೂ ಹೋಗುವಾಗ ಹೇಳಿದ್ದು ಒಂದೇ ಮಾತು: "ನೋಡಿ ಹೇಳ್ತೀವಿ." ತಾನು ಅವರ ಪಾದ ನೋಡುವಾಗ ಅವರು ತನ್ನ ಬಾಗಿಲು ನೋಡಿರಬೇಕು ಎಂದು ರಂಗಯ್ಯನಿಗೆ ಹೊಳೆಯಿತು. ಅಲ್ಲಿ ಒಂದು ಹರಕು ಕೆರವೂ ಇರಲಿಲ್ಲ. ಮಾರನೆಯ ದಿನವೇ ಅವನು ಜೋಡು ಕೊಳ್ಳಲು ಚಳ್ಳಕೆರೆಯ ಗಾಡಿ ಹತ್ತಿದ.

ನಾಲ್ಕನೆಯ ಜೋಡೂ ಮನೆ ಸೇರಿದ ಮೇಲೆ, ಗುರುಸ್ವಾಮಿ ಸೋಮವಾರ ಬಂದು ಕೊನೆಯ ಮಾತು ಹೇಳುತ್ತಾರೆಂದು ಸುದ್ದಿ ಬಂತು. ಅಂದು ರಂಗಯ್ಯ ನಾಲ್ಕೂ ಜೋಡಿಗೆ ಎಣ್ಣೆ ಒರೆಸಿ, ಬಾಗಿಲ ಮುಂದೆ ಸಾಲಾಗಿ ಇಟ್ಟ. ಆಮೇಲೆ ಏನೂ ಅರಿಯದವನಂತೆ ಗುಂಡಿಗೆ ಇಳಿದ.

ಕೆಂಪು ಜೋಡು ಬಂತು. ಸಾಲಿನ ಮುಂದೆ ನಿಂತಿತು.

"ಮನೇಲಿ ನೆಂಟರವ್ರಾ?"

"ಇಲ್ರಿ. ಎಲ್ಲಾ ನಂದೇ," ಎಂದ ರಂಗಯ್ಯ, ಲಾಳಿಯಿಂದ ಕಣ್ಣೆತ್ತದೆ. "ಹೊತ್ತಿಗೊಂದು."

ಗುರುಸ್ವಾಮಿ ಕೆರವನ್ನು, ಚಡಾವನ್ನು, ಬೂಟನ್ನು, ಹಾವುಗೆಯನ್ನು ಒಂದೊಂದಾಗಿ ನೋಡಿದರು. ತಮ್ಮ ಜೋಡನ್ನು ಮಾತ್ರ ಕಳಚಲಿಲ್ಲ.

"ಹಂಗಾದ್ರೆ ಈ ಮಾತು ಇಲ್ಲಿಗೇ ನಿಲ್ಲಲಿ ರಂಗಯ್ಯನೋರೆ. ನಿಮ್ಮ ಮಗಳು ನಮ್ಮನೆಗೆ ಒಗ್ಗಲ್ಲ."

ತನ್ನ ನಾಲ್ಕೂ ಸೇರಿ ಅವರ ಒಂದಕ್ಕೆ ಸಮ ಬರಲಿಲ್ಲ ಎಂದುಕೊಂಡ ರಂಗಯ್ಯ. ಗುರುಸ್ವಾಮಿ ಆಗಲೇ ಬೆನ್ನು ತಿರುಗಿಸಿದ್ದರು.

"ನಿಂತ್ಕಳಿ ಮಾವ."

ಪಾಲಮ್ಮ ಹೊಸಿಲ ಮೇಲೆ ನಿಂತಿದ್ದಳು. ಮದುವೆಯ ಮಾತು ನಡೆಯುವಾಗ ಹೆಣ್ಣು ಬಾಯಿ ಬಿಟ್ಟದ್ದು ಆ ಬೀದಿಯಲ್ಲಿ ಅದೇ ಮೊದಲು. ಅದರಲ್ಲೂ ತಾಂಬೂಲಕ್ಕೆ ಮುಂಚೆ ಮಾವ ಎಂದು ಕರೆದದ್ದು. ಓಬಳಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಅವು ನಮ್ಮಪ್ಪ ಮೆಟ್ಟೋವಲ್ಲ. ತನ್ನ ಬೆಳ್ಳಿ ಉಡಿದಾರ ಮಾರಿ ತಂದವ್ನೆ. ಒಂದನ್ನೂ ಕಾಲಿಗೆ ಹಾಕಿಲ್ಲ. ನಿಮ್ಮನೇಲಿ ಆಳಿಗೊಂದು ಕೆಂಪು ಜೋಡು ಐತಲ್ಲ, ನಿಮ್ಮ ಮುಂದೆ ನಾವು ಕಡಿಮೆ ಕಾಣಬಾರದು ಅಂತ ಹಿಂಗ್ ಮಾಡ್ದ. ನಾವು ಬಡವರೇ. ಬಡವರ ಮಗಳು ಬ್ಯಾಡ ಅಂದ್ರೆ ಹೋಗಿ."

ಗುಂಡಿಯಲ್ಲಿ ರಂಗಯ್ಯ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಮಗಳ ಬಾಳನ್ನು ತಾನೇ ಕೈಯಾರೆ ಹಾಳು ಮಾಡಿದೆನೆಂದು ಅವನಿಗೆ ಅಳು ಬಂತು.

ಗುರುಸ್ವಾಮಿ ಬಗ್ಗಿ ತಮ್ಮ ಪಾದ ನೋಡಿಕೊಂಡರು. ಜೋಡು ಕಳಚಿದರು. ಜಗಲಿಯ ಮೇಲೆ ಕೂತು ಹೆಗಲ ಗಂಟು ಬಿಚ್ಚಿ, ತೆಂಗಿನಕಾಯಿ, ವೀಳ್ಯದೆಲೆ ತೆಗೆದು ಪಾಲಮ್ಮನ ಕೈಗೆ ಇಟ್ಟರು.

"ಆಳಿಗೊಂದಲ್ಲ ತಾಯೀ, ನಮ್ಮ ಮೂವರಿಗೂ ಇರೋದು ಇದೊಂದೇ. ಅದಕ್ಕೇ ಒಬ್ಬೊಬ್ಬರಾಗಿ ಬಂದ್ವಿ."