ಕೆಳಗೆ ಬಾಗಿಲಿಲ್ಲದ ಗೋಪುರ

ಅಂಗಡಿಯಲ್ಲಿ ಸಾಮಾನಿನ ಪೆಟ್ಟಿಗೆ ಬಿಚ್ಚುವಾಗ ರಟ್ಟಿನ ವಾಸನೆ ಬಂದರೆ ಇಂದಿಗೂ ನನಗೆ ತಂಗಿಯ ಕೋಟೆ ನೆನಪಾಗುತ್ತದೆ.

ಎಡಿಸನ್ ಎಂಬ ಊರಿನ ನಮ್ಮ ಅಪಾರ್ಟ್‌ಮೆಂಟಿನ ನೆಲದ ಮೇಲೆ ಅವಳು ಶಾಲೆಯ ಪ್ರಾಜೆಕ್ಟಿಗೆಂದು ರಟ್ಟಿನಲ್ಲಿ ಅದನ್ನು ಕಟ್ಟಿದ್ದಳು. ಊಟದ ದೊಡ್ಡ ಹಜಾರ, ಅಡುಗೆಮನೆ, ಬಾವಿ ಎಲ್ಲ ಇದ್ದವು. "ಇಷ್ಟು ದೊಡ್ಡ ಮನೇಲಿ ದೇವರ ಮನೆ ಎಲ್ಲೇ?" ಎಂದು ಅಮ್ಮ ಕೇಳಿದ್ದಕ್ಕೆ ಅದನ್ನೂ ಸೇರಿಸಿದ್ದಳು. ನಡುವಿನ ಗೋಪುರಕ್ಕೆ ಮಾತ್ರ ಕೆಳಗೆ ಬಾಗಿಲಿರಲಿಲ್ಲ. ಎತ್ತರದಲ್ಲಿ ಬೆರಳು ತೂರದಷ್ಟು ಸಣ್ಣದೊಂದು ಕಿಂಡಿಯಿತ್ತು.

ಅವತ್ತು ಮಧ್ಯಾಹ್ನ ಅಜ್ಜಿ ಕೊಟ್ಟ ನನ್ನ ಕಿವಿಯೋಲೆಯೊಂದು ಕಾಣೆಯಾಗಿತ್ತು. "ಈ ಗೋಪುರದೊಳಗೆ ಏನಿಟ್ಟಿದ್ದೀಯ?" ಎಂದೆ.

"ಏನಿಲ್ಲ ಅಕ್ಕ. ಕೋಟೆ ಗೋಪುರಕ್ಕೆ ಬಾಗಿಲು ಮೇಲ್ಗಡೆನೇ ಇರತ್ತೆ. ಏಣಿ ಎಳ್ಕೊಂಡ್ರೆ ಎನಿಮಿ ಬರಕ್ಕಾಗಲ್ಲ."

ನಾನು ನಂಬಲಿಲ್ಲ. ಅವಳು ಕೈ ತೊಳೆಯಲು ಹೋದಾಗ ಗೋಪುರವನ್ನು ಸೀಳಿದೆ. ಒಳಗೆ ಒಣಗಿದ ಅಂಟು ಬಿಟ್ಟರೆ ಏನೂ ಇರಲಿಲ್ಲ. ಅವಳು ಬಂದು ನೋಡಿದಳು, ಅಳಲಿಲ್ಲ.

ಸಂಜೆ ಓಲೆ ನನ್ನ ಮಫ್ಲರಿನಲ್ಲೇ ಸಿಕ್ಕಿಕೊಂಡಿದ್ದು ಕಂಡಿತು. ಹೇಳಲೆಂದು ಹೋದೆ. ಅವಳು ಗೋಪುರಕ್ಕೆ ಟೇಪು ಹಚ್ಚಿ, ಕೆಳಗೊಂದು ಬಾಗಿಲು ಕತ್ತರಿಸುತ್ತಿದ್ದಳು.

"ಇದು ನಿನಗೆ ಅಕ್ಕ. ಯಾವಾಗ ಬೇಕಾದ್ರೂ ಚೆಕ್ ಮಾಡ್ಕೋ," ಎಂದಳು.

ಓಲೆ ಹಿಡಿದಿದ್ದ ಮುಷ್ಟಿಯನ್ನು ನಾನು ಜೇಬಿನಿಂದ ತೆಗೆಯಲಿಲ್ಲ.