ಜೋಡಿ ಮಾನಿಟರ್

ಎಡಗಡೆಯ ಹೊಸ ಮಾನಿಟರಿನ ಮೇಲ್ಭಾಗದಲ್ಲಿದ್ದ ಮಬ್ಬು ಕಲೆಯನ್ನು ಎಕ್ಸ್‌ರೇ ಡಾಕ್ಟರಮ್ಮ ಕರವಸ್ತ್ರದಿಂದ ಒರೆಸಿದರು. ಹೋಗಲಿಲ್ಲ.

"ಟೆಸ್ಟ್ ಮಾಡೋಕೆ ನಂದೇ ಎದೆ ಎಕ್ಸ್‌ರೇ ಹಾಕಿದೀನಿ ಮೇಡಂ," ಎಂದ, ಮೇಜಿನ ಕೆಳಗೆ ವೈರುಗಳ ನಡುವೆ ತೂರಿಕೊಂಡಿದ್ದ ಕಂಪ್ಯೂಟರ್ ರಿಪೇರಿಯವನು. "ಬೇರೆ ಪೇಷಂಟುಗಳದ್ದು ನಾನು ನೋಡೋ ಹಾಗಿಲ್ವಲ್ಲ. ಆರು ತಿಂಗಳ ಹಿಂದೆ ಇದನ್ನ ನೀವೇ ನೋಡಿ, ಏನೂ ಇಲ್ಲ, ಗುಂಡುಕಲ್ಲಿನ ಹಾಗಿದೀಯ ಅಂದಿದ್ರಿ." ನಕ್ಕ, ನಗು ಕೆಮ್ಮಿಗೆ ತಿರುಗಿತು.

ಹಳೆಯ ಮಾನಿಟರಿನಲ್ಲೂ ಅದೇ ಜಾಗದಲ್ಲೊಂದು ಕಲೆಯಿತ್ತು. ಯಾರ ಎಕ್ಸ್‌ರೇ ಹಾಕಿದರೂ ಅಲ್ಲೇ ಕಾಣುತ್ತಿದ್ದ ಅದನ್ನು ಕಣ್ಣಿನಲ್ಲೇ ಅಳಿಸಿಕೊಂಡು ನೋಡುವುದು ಡಾಕ್ಟರಮ್ಮನಿಗೆ ರೂಢಿಯಾಗಿಹೋಗಿತ್ತು. ಹೊಸದು ಕೊಡಿಸಿ ಎಂದು ಗೋಗರೆದೂ ಗೋಗರೆದೂ ಇವತ್ತು ಜೋಡಿಯೇ ಬಂದಿತ್ತು: ಒಂದೇ ಕಂಪನಿ, ಒಂದೇ ಅಳತೆ.

"ಬಲಗಡೇದಕ್ಕೂ ಕನೆಕ್ಷನ್ ಕೊಟ್ಟೆ, ನೋಡಿ."

ಎರಡನೆಯ ಪರದೆ ಬೆಳಗಿತು. ಅದೇ ಎದೆಗೂಡು, ಅದೇ ಪಕ್ಕೆಲುಬುಗಳ ಮಧ್ಯೆ ಅದೇ ಕಲೆ. ಒರೆಸಲು ಚಾಚಿದ ಕೈ ಅರ್ಧಕ್ಕೇ ನಿಂತಿತು.

"ಎರಡರಲ್ಲೂ ಒಂದೇ ಥರ ಕಾಣ್ತಿದೆಯಾ ಮೇಡಂ?"

ಡಾಕ್ಟರಮ್ಮ ಕರವಸ್ತ್ರ ಮಡಚಿ ಮೇಜಿನ ಮೇಲಿಟ್ಟರು.

"ಹೂಂ," ಎಂದರು. "ಒಂದೇ ಥರ. ನೀನೊಂದ್ಸಲ ಮೇಲೆದ್ದು ಬಾಪ್ಪ."