ಅವ್ವನ ಹೆಸರು

ಹೊಸ ಗೋಣಿಚೀಲದ ವಾಸನೆ ಬಂದರೆ ಈಗಲೂ ನನಗೆ ಆ ಮಧ್ಯಾಹ್ನ ನೆನಪಾಗುತ್ತದೆ.

ಯುದ್ಧದ ಕಾಲ. ಹಿರೇಕೆರೂರು ಕಡೆಯ ಒಂದು ಮಠದಲ್ಲಿ ತಂದೆತಾಯಿ ಇಲ್ಲದ ಮಕ್ಕಳನ್ನು ಸಾಕುತ್ತಿದ್ದರು. ನಾನು ಅಲ್ಲಿಗೆ ಬಂದದ್ದು ಕೈಗೂಸಾಗಿ. ಕಾಳು ಸಿಗದೆ ಹಲವು ದಿನಗಳಿಂದ ತೆಳ್ಳನೆಯ ಅಂಬಲಿಯೇ ನಮ್ಮ ಊಟವಾಗಿತ್ತು. ಅಂಥ ಹೊತ್ತಿನಲ್ಲಿ ಸಾವ್ಕಾರರೊಬ್ಬರು ಚಕ್ಕಡಿ ತುಂಬ ಜೋಳದ ಚೀಲ ಹೇರಿಕೊಂಡು ಬಂದರು. ಚೀಲ ಇಳಿಸುವ ಮೊದಲು ನಮ್ಮನ್ನೆಲ್ಲ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದರು.

"ಒಬ್ಬೊಬ್ರ ಬಂದು ಕಾಲಿಗೆ ಬೀಳ್ರಿ. ನಾವು ಪರದೇಶಿಗಳು, ನೀವ ನಮ್ಮ ತಾಯಿ‑ತಂದಿ ಅನ್ರಿ."

ಮೊದಲು ನಿಂತಿದ್ದವಳು ಸವಣೂರಿನ ಕಾಶವ್ವ, ನಮ್ಮೆಲ್ಲರಿಗಿಂತ ದೊಡ್ಡವಳು. ಅವಳು ಬಾಗಲಿಲ್ಲ.

"ನಮ್ಮವ್ವ ಸತ್ತಾಳ್ರಿ. ಆದ್ರ ಆಕಿಗೆ ಹೆಸರೈತಿ. ಗಂಗವ್ವ," ಎಂದಳು.

ಪಕ್ಕದ ಹುಡುಗ, "ನಮ್ಮವ್ವ ಫಕೀರವ್ವ," ಎಂದ. ಸಾಲಿನುದ್ದಕ್ಕೂ ಒಂದೊಂದೇ ಹೆಸರು ಬರತೊಡಗಿತು.

ಸಾವ್ಕಾರರ ಮುಖ ಕೆಂಪಾಯಿತು. ನಮಗೆ ಅಡುಗೆ ಮಾಡಿ ಉಣಿಸುತ್ತಿದ್ದ ನೀಲವ್ವನ ಕಡೆ ತಿರುಗಿದರು.

"ಇದನ್ನೇನಬೇ ಇವಕ್ಕ ಕಲಿಸಿದ್ದು? ಚೀಲ ತಿರುಗಿ ಒಯ್ಯಲೇನು?"

ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಳ್ಳುತ್ತ ನೀಲವ್ವ ಹೇಳಿದಳು: "ಒಯ್ರಿ. ನಾಳಿಂದ ನಾನ ಜೋಳಿಗಿ ಹಿಡಕೊಂಡು ಊರೂರು ತಿರುಗ್ತೇನಿ. ನನ್ನ ಮಕ್ಕಳು ಮಾತ್ರ ಹಂಗ ಅನ್ನೂದಿಲ್ಲ."

ಸಾವ್ಕಾರರು ಎತ್ತು ತಿರುಗಿಸಲು ಹೇಳಿದರು. ಸಾಲಿನ ಕೊನೆಯಲ್ಲಿದ್ದ ನನ್ನ ಸರದಿ ಇನ್ನೂ ಬಂದಿರಲಿಲ್ಲ. ನನ್ನ ಅವ್ವನ ಹೆಸರನ್ನು ಯಾರೂ ನನಗೆ ಹೇಳಿರಲಿಲ್ಲ. ಹೊಟ್ಟೆ ಹಸಿದಿತ್ತು, ಆದರೂ ಸುಮ್ಮನಿರಲು ಮನಸ್ಸಾಗಲಿಲ್ಲ. ಹೊರಟ ಚಕ್ಕಡಿಯ ಹಿಂದೆ ಊರ ಅಗಸೆಬಾಗಿಲವರೆಗೆ ಓಡಿ, ಅವರಿಗೆ ಕೇಳಿಸುವಂತೆ ಕೂಗಿದೆ:

"ನಮ್ಮವ್ವ ನೀಲವ್ವ!"